ಸಿಕ್ಕಿಲ್ಲ ಅಂದೆ

"ತಗೊಂಡ್ಹೋಗಿ ಟೈಲರಮ್ಮ ಅಂತ ಹೇಗೆ ಹೇಳ್ಲಿ? ಇನ್ನೆರಡು ದಿನ ಇರ್ಲಿ ಬಿಡಿ" ಎಂದು ರಿಪೇರಿ ಅಂಗಡಿಯವನು ಟೇಬಲ್ ಫ್ಯಾನನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡ. ಫ್ಯಾನು ಮಾತ್ರ ಬೆಳಗಿನಿಂದ ಒಂದೇ ಸಮನೆ ತಿರುಗುತ್ತಿತ್ತು, ನೆಂಟರೆದುರು ಕೂರಿಸಿದ ಮಗುವಿನಷ್ಟು ಸಂಭಾವಿತವಾಗಿ. ಎದುರು ಸಾಲಿನ ಟೈಲರಮ್ಮನ ಮನೆಯಲ್ಲಾದರೆ ಅದು ಇದ್ದಕ್ಕಿದ್ದಂತೆ ಗೊರಗುಟ್ಟಿ ನಿಲ್ಲುತ್ತದಂತೆ. ಅವಳು ಅದನ್ನು ಹೊತ್ತು ತಂದದ್ದು ಇದು ಎರಡನೇ ಸಲ.

"ನಮ್ಮೆಜಮಾನ್ರು ಗೇಲಿ ಮಾಡ್ತಾರಣ್ಣ, ಇದು ನಿನ್ನ ಕಣ್ಣಿಗೆ ಮಾತ್ರ ನಿಲ್ಲೋ ಫ್ಯಾನು ಅಂತ. ಈಗೀಗ ನನಗೂ ಅನುಮಾನ, ಕೆಟ್ಟಿರೋದು ಫ್ಯಾನೋ ನನ್ನ ತಲೆಯೋ."

"ನಿಂತಿದ್ದನ್ನ ನೀವು ನೋಡಿದೀರಿ, ನಾನು ನೋಡಿಲ್ಲ, ಅಷ್ಟೇ. ಕೆಲವಕ್ಕೆ ಓಡಿ ಬಿಸಿಯಾದ ಮೇಲೆ ಕೆಡೋ ಗುಣ ಇರತ್ತೆ. ಪಕ್ಕದಲ್ಲಿಟ್ಕೊಂಡು ಕಾಯ್ಬೇಕು."

ಅವನ ಕೆಲಸದ ರೀತಿಯೇ ಹಾಗೆ. ಬೀದಿಯವರು ಅವನನ್ನು 'ಫ್ಯಾನ್ ಡಾಕ್ಟ್ರು' ಎಂದು ಕರೆಯುತ್ತಿದ್ದುದು ಅರ್ಧ ತಮಾಷೆಗೆ, ಅರ್ಧ ಇದಕ್ಕೆ. ಬೇರೆ ಅಂಗಡಿಯವರು ಸ್ವಿಚ್ ಹಾಕಿ, ತಿರುಗಿತೆಂದರೆ ಕೈತೊಳೆದುಕೊಳ್ಳುತ್ತಿದ್ದರು. ಇವನು ಇನ್ನೇನೋ ಬಿಚ್ಚುತ್ತ, ಜೋಡಿಸುತ್ತ, ಒಂದು ಕಿವಿಯನ್ನು ಅದರ ಕಡೆಗೇ ಇಟ್ಟು ಕೂರುತ್ತಿದ್ದ.

"ಅಂದ್ರೆ ಏನೂ ಆಗಿಲ್ಲ ಅನ್ನಿ. ಸುಮ್ನೆ ನನ್ನ ಸಮಾಧಾನಕ್ಕೆ ಇಟ್ಕೊಳ್ತಿದೀರಿ" ಎಂದಳು ಟೈಲರಮ್ಮ.

"ಏನೂ ಆಗಿಲ್ಲ ಅಂದೆನಾ ನಾನು?" ಅವನಿಗೆ ರೇಗಿತು. "ನನಗೆ ಸಿಕ್ಕಿಲ್ಲ ಅಂದೆ. ಅದೂ ಇದೂ ಒಂದೇನಾ?"

ಹೇಳಿದವನೇ ಸ್ಕ್ರೂಡ್ರೈವರ್ ಹಿಡಿದುಕೊಂಡು ಹಾಗೇ ಕೂತುಬಿಟ್ಟ.

ಹೋದ ತಿಂಗಳು ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನು ಅವನೇ. ನಲವತ್ತಾಗಲು ಇನ್ನೂ ಎಷ್ಟೋ ವರ್ಷ ಇರುವಾಗಲೇ ಅವಳ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿತ್ತು. ಶಾಲೆಯಲ್ಲಿ ಪಾಠ ಹೇಳುತ್ತ ನಿಂತಲ್ಲೇ ಒಳಗಿನಿಂದ ಬೆಂಕಿ ಎದ್ದಂತಾಗಿ ಬೆವರು ಇಳಿಯುತ್ತಿತ್ತು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಬೆಳಗ್ಗೆ ನೋಡಿದರೆ ಬಾಚಣಿಗೆಯ ತುಂಬ ಕೂದಲು. ಡಾಕ್ಟರಮ್ಮ ರಿಪೋರ್ಟುಗಳನ್ನು ತಿರುವಿಹಾಕಿ ನಗುಮುಖದಿಂದಲೇ ಹೇಳಿದ್ದರು: "ಹಾರ್ಮೋನ್ ಟೆಸ್ಟಲ್ಲಿ ಗಾಬರಿ ಪಡೋವಂಥದ್ದು ಸದ್ಯಕ್ಕೆ ಏನೂ ಕಾಣ್ತಿಲ್ಲ. ಇದು ಒಂದೊಂದು ಸಲ ಒಂದೊಂದು ಥರ ತೋರಿಸತ್ತೆ. ಮತ್ತೆ ಹಾಗೇ ಆಗ್ತಿದ್ರೆ ಬನ್ನಿ, ಇನ್ನೊಮ್ಮೆ ನೋಡೋಣ."

ಆಸ್ಪತ್ರೆಯ ಮೆಟ್ಟಿಲಿಳಿಯುವಷ್ಟರಲ್ಲಿ ಅದು ಅವನ ಬಾಯಲ್ಲಿ 'ಏನೂ ಇಲ್ಲ' ಆಗಿತ್ತು. ಹೆದರಿ ಹಣ್ಣಾಗಿದ್ದ, ಪಾಪ. ಆ ಕಾಯಿಲೆಯೋ ಈ ಕಾಯಿಲೆಯೋ ಎಂದು ವಾರವಿಡೀ ಊಟ ಸೇರದೆ ಓಡಾಡಿದವನಿಗೆ ಒಂದು ಒಳ್ಳೆಯ ಮಾತು ಬೇಕಾಗಿತ್ತು, ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಂಡ. ಅತ್ತೆಗೆ ಫೋನ್ ಮಾಡಿ "ಏನೂ ಇಲ್ಲವಂತೆ" ಎಂದ. ಆಮೇಲೆ ಅವಳು "ಇವತ್ತೂ ಹಾಗೇ ಆಯ್ತು ಕಣ್ರೀ" ಎಂದಾಗಲೆಲ್ಲ, "ಡಾಕ್ಟರೇ ಏನೂ ಇಲ್ಲ ಅಂದಿದಾರೆ, ನೀನು ಇಲ್ಲದ್ದೆಲ್ಲ ತಲೆಗೆ ಹಚ್ಕೋಬೇಡ" ಎಂದ. ಒಂದು ಸಲ ಅವಳು "ಕಾಣ್ತಿಲ್ಲ ಅಂದ್ರು, ಅಲ್ವಾ?" ಎಂದು ಮೆಲ್ಲಗೆ ತಿದ್ದಲು ನೋಡಿದ್ದಳು. "ಮೇಡಮ್ಮೋರು ಮನೇಲೂ ತಪ್ಪು ತಿದ್ತಾರಪ್ಪಾ" ಎಂದು ನಕ್ಕುಬಿಟ್ಟಿದ್ದ. ಅಂದಿನಿಂದ ಅವಳು ಹೇಳುವುದನ್ನು ಬಿಟ್ಟಳು. ಸದ್ಯ, ವಾಸಿಯಾಯಿತಲ್ಲ ಎಂದು ಇವನು ಹಾಯಾಗಿದ್ದ.

"ಏನಾಯ್ತಣ್ಣ?" ಎಂದಳು ಟೈಲರಮ್ಮ.

"ಇದನ್ನ ನಮ್ಮನೆಗೆ ತಗೊಂಡ್ಹೋಗಿ ಓಡಿಸಿ ನೋಡ್ತೀನಿ" ಎಂದವನು ಹೊತ್ತು ಇರುವಾಗಲೇ ಅಂಗಡಿಯ ಬಾಗಿಲೆಳೆದ. ಫ್ಯಾನನ್ನು ಬಗಲಿಗೇರಿಸಿಕೊಂಡು ನಡೆಯುವಾಗ ದಾರಿಯುದ್ದಕ್ಕೂ ತನ್ನ ಮೇಲೇ ಅಸಹ್ಯವಾಯಿತು. ಬೀದಿಯವರ ಫ್ಯಾನಿಗೆ ಕೊಟ್ಟ ಕಿವಿಯನ್ನು ಕಟ್ಟಿಕೊಂಡವಳಿಗೆ ಕೊಡಲಿಲ್ಲವಲ್ಲ!

ಅವಳು ಕಿಟಕಿಯ ಬಳಿ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಹೊರಗೆ ತಣ್ಣಗೆ ಗಾಳಿ ಬೀಸುತ್ತಿದ್ದರೂ ಬೆನ್ನ ಮೇಲಿನ ಬಟ್ಟೆ ಒದ್ದೆಯಾಗಿ ಮೈಗೆ ಅಂಟಿತ್ತು. ಅವನು ಫ್ಯಾನನ್ನು ಅವಳ ಕಡೆಗೆ ತಿರುಗಿಸಿಟ್ಟು ಸ್ವಿಚ್ ಹಾಕಿ, ಎದುರಿಗೆ ಸ್ಟೂಲೆಳೆದುಕೊಂಡು ಕೂತ.

"ಮೈ ಹೇಗಿದೆ?"

"ಚೆನ್ನಾಗಿದೆ."

"ಅವತ್ತು ಡಾಕ್ಟರಮ್ಮ ಇಲ್ಲ ಅಂದಿರ್ಲಿಲ್ಲ. ಕಾಣ್ತಿಲ್ಲ ಅಂದಿದ್ರು. ನೀನು ಹೇಳಿದ್ದೇ ಸರಿ. ನಾಳೇನೇ ಇನ್ನೊಂದ್ಸಲ ಹೋಗೋಣ. ಏನೇನಾಗ್ತಿದೆ ಹೇಳು, ಕೇಳ್ತೀನಿ."

ಅವಳು ಪೆನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. ಹೇಳಿಯೇಬಿಡುತ್ತಾಳೆ ಎಂದು ಅವನು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

"ಏನೂ ಇಲ್ಲ ರೀ" ಎಂದಳು, ಅವನು ಇಷ್ಟು ದಿನ ಹೇಳುತ್ತಿದ್ದ ಧಾಟಿಯಲ್ಲೇ.

ಅಷ್ಟರಲ್ಲಿ ಫ್ಯಾನು ಗೊರಗುಟ್ಟಿತು, ಒಮ್ಮೆ ಅದುರಿತು, ನಿಂತಿತು. ಅವನು ಅದರತ್ತ ತಿರುಗಲಿಲ್ಲ. ಅವಳೇ ಅಂಗೈಯಿಂದ ಕತ್ತಿನ ಬೆವರು ಒರೆಸಿಕೊಂಡು, ಮುಂದಿನ ಉತ್ತರಪತ್ರಿಕೆ ಎತ್ತಿಕೊಂಡಳು.

"ಪಾಪ, ಅದಕ್ಕೇನಾಗಿದೆಯೋ ನೋಡಿ."