ಕಾಲುವೆಗೆ ಎರಡು ಒಪ್ಪಿಗೆ

ಕಾಲುವೆಯ ಹೂಳೆತ್ತುವ ಯಂತ್ರ ಚರ್ಚಿನ ಕಡೆಯ ದಾರಿಯಿಂದ ಬಂತು. ಅದೇ ಕಾಲುವೆಗೆ ಅಡ್ಡಗಟ್ಟೆ ಹಾಕುವ ಹಲಗೆಗಳ ಲಾರಿ ಕಾಡಿನ ಕಡೆಯ ದಾರಿಯಿಂದ ಬಂತು. ಎರಡೂ ಒಂದೇ ಬೆಳಿಗ್ಗೆ ಸೇತುವೆಯ ಆಚೀಚೆ ಎದುರುಬದುರಾಗಿ ನಿಂತವು. ಓಲ್ಶಿನ ಹಳ್ಳಿಯ ಮುಖ್ಯಸ್ಥೆ ಗೆನೊವೇಫಾ ಪಿಯೆರೋಗಿ ಕಡುಬಿಗೆ ಹಿಟ್ಟು ನಾದುತ್ತಿದ್ದವಳು ಕೈ ತೊಳೆಯದೆ ಓಡಿಬಂದಳು. ಇಬ್ಬರಲ್ಲಿ ಯಾರೋ ಒಬ್ಬರು ದಾರಿ ತಪ್ಪಿ ಬೇರೆ ಊರಿನ ಬದಲು ಇಲ್ಲಿಗೆ ಬಂದಿದ್ದಾರೆ ಎಂದುಕೊಂಡಳು. ಆದರೆ ಇಬ್ಬರೂ ಸರಿಯಾದ ಊರಿಗೇ ಬಂದಿದ್ದರು. ಇಬ್ಬರಿಗೂ ಒಪ್ಪಿಗೆ ಕೊಟ್ಟವಳು ಅವಳೇ.

ಹೋದ ವಸಂತದಲ್ಲಿ ಜಲ ಕಚೇರಿಯವರು ಬಂದಿದ್ದರು. ಹೂಳು ತೆಗೆದರೆ ನೀರು ಇಳಿಯುತ್ತದೆ, ಹುಲ್ಲುಗಾವಲು ಒಣಗುತ್ತದೆ, ದನ ಸಾಕುವವರು ಊರು ಬಿಡುವುದು ತಪ್ಪುತ್ತದೆ, ಸುಸ್ಥಿರ ಅಭಿವೃದ್ಧಿ ಎಂದರೆ ಇದೇ ಎಂದು ವಿವರಿಸಿದ್ದರು. ಹೌದಲ್ಲ ಅನ್ನಿಸಿತ್ತು. ಶರತ್ಕಾಲದಲ್ಲಿ ಪರಿಸರ ಕಚೇರಿಯವರು ಬಂದರು. ಈ ಜೌಗಿನ ಕಪ್ಪು ಮಣ್ಣು ಒಣಗಿದರೆ ನೆಲದೊಳಗೇ ಹೊತ್ತಿಕೊಂಡು ಉರಿಯುತ್ತದೆ, ನೀರನ್ನು ಅಡ್ಡಗಟ್ಟಿ ನಿಲ್ಲಿಸಬೇಕು, ಸುಸ್ಥಿರ ಅಭಿವೃದ್ಧಿ ಎಂದರೆ ಇದೇ ಎಂದರು. ಅದೂ ಹೌದೆನ್ನಿಸಿತ್ತು. ಇವರ ನಕ್ಷೆಯಲ್ಲಿ ಈ ಕಾಲುವೆಗೊಂದು ಹೆಸರು, ಅವರ ನಕ್ಷೆಯಲ್ಲಿ ಇನ್ನೊಂದು. ಊರಿನಲ್ಲಿ ಮಾತ್ರ ಎಲ್ಲರೂ ಅದನ್ನು ಬರೀ ಕಾಲುವೆ ಎನ್ನುತ್ತಿದ್ದರು. ಪರಿಸರ ಕಚೇರಿಯವರು ಹೇಳುತ್ತಿರುವುದು ಕಾಡಿನೊಳಗಿನ ಯಾವುದೋ ಹಳೆಯ ಹಳ್ಳ ಎಂದುಕೊಂಡು ಅವಳು ತಲೆಯಾಡಿಸಿದ್ದಳು.

ಯಂತ್ರದ ಪಕ್ಕದಲ್ಲಿ ಅವಳ ತಮ್ಮ ಲುಡ್ವಿಕ್ ನಿಂತಿದ್ದ. ಸೇತುವೆಗಿಂತ ಮೇಲೆ, ನೀರು ಹರಿದು ಬರುವ ಕಡೆಯ ಹುಲ್ಲುಗಾವಲು ಅವನದು. ಹಸುಗಳನ್ನು ಬಿಟ್ಟರೆ ಅವನಿಗೆ ಬೇರೆ ಬದುಕಿಲ್ಲ. ಲಾರಿಯ ಪಕ್ಕದಲ್ಲಿ ಪರಿಸರ ಕಚೇರಿಯ ಹುಡುಗಿ ಕಾಲಿನಾ ಇದ್ದಳು. ಎರಡು ಬೇಸಿಗೆಯ ಹಿಂದೆ ಆ ಹುಲ್ಲುಗಾವಲಿನಾಚೆಯ ನೆಲ ವಾರಗಟ್ಟಲೆ ಹೊಗೆಯಾಡಿದಾಗ, ಮನೆಮನೆಗೂ ಮುಖಗವಸು ಹಂಚಲು ಬಂದವಳು ಅವಳೇ. ಗೆನೊವೇಫಾಳ ಗಂಡ ವಾಲೆಂತಿ ಆ ಹೊಗೆಗೆ ಕೆಮ್ಮುತ್ತ ಮಲಗಿದವನು ಮತ್ತೆ ಏಳಲಿಲ್ಲ. ಅವನನ್ನು ಮಣ್ಣು ಮಾಡಿದ ದಿನವೂ ಕಾಲಿನಾ ಬಂದಿದ್ದಳು.

"ಅಕ್ಕ, ಇವರಿಗೆ ಹೋಗೋಕೆ ಹೇಳು. ಗಟ್ಟೆ ಹಾಕಿದ್ರೆ ನನ್ನ ಹುಲ್ಲುಗಾವಲು ಕೆರೆ ಆಗುತ್ತೆ," ಎಂದ ಲುಡ್ವಿಕ್.

ಕಾಲಿನಾ ತಗ್ಗಿದ ದನಿಯಲ್ಲಿ, "ಅಮ್ಮಾ, ಇನ್ನೊಂದು ಬೇಸಿಗೆ ಹಾಗೆ ಉರಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ?" ಎಂದಳು.

ಗೆನೊವೇಫಾ ಇಬ್ಬರ ಮುಖವನ್ನೂ ನೋಡಿದಳು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಒಬ್ಬರಾದರೂ ಸುಳ್ಳು ಹೇಳಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎನ್ನಿಸಿತು. ಎರಡೂ ಕಚೇರಿಗಳಿಗೆ ಫೋನ್ ಮಾಡಿದಳು. ಜಲ ಕಚೇರಿಯವರು, ಗಟ್ಟೆಯ ವಿಚಾರ ತಮಗೆ ಸೇರಿದ್ದಲ್ಲ ಎಂದರು. ಪರಿಸರ ಕಚೇರಿಯವರು, ಹೂಳಿನ ವಿಚಾರ ತಮಗೆ ಸೇರಿದ್ದಲ್ಲ, ಬೇಕಿದ್ದರೆ ರಾಜಧಾನಿ ವಾರ್ಸಾದವರನ್ನು ಕೇಳಿ ಎಂದರು. ಈ ತಿಂಗಳು ಕೆಲಸ ಮುಗಿಯದಿದ್ದರೆ ಯೋಜನೆಯೇ ರದ್ದಾಗುತ್ತದೆ ಎನ್ನುವುದನ್ನು ಮಾತ್ರ ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಊರಿನ ಮಟ್ಟದ ತೀರ್ಮಾನ ಊರಿನವರದ್ದೇ ಎಂದು ಗೌರವದಿಂದ ನೆನಪಿಸಿ ಫೋನ್ ಇಟ್ಟರು.

ಕೊನೆಗೆ ದಾರಿ ಹುಡುಕಿದವರು ಕೂಲಿಯವರು. ಅವರಿಗೆ ಸಂಜೆಯೊಳಗೆ ಮನೆ ಸೇರಬೇಕಿತ್ತು. ಮಧ್ಯಾಹ್ನದವರೆಗೆ ಯಂತ್ರ ಹೂಳು ತೆಗೆಯಲಿ, ಊಟವಾದ ಮೇಲೆ ಲಾರಿಯವರು ಸೇತುವೆಯ ಕೆಳಗೆ ಗಟ್ಟೆ ಹಾಕಲಿ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಹಾಗೇ ಆಯಿತು. ಗೆನೊವೇಫಾ ಬೇಡವೆನ್ನಲಿಲ್ಲ. ಯಾವುದನ್ನು ಬೇಡವೆನ್ನಬೇಕೋ ಅವಳಿಗೆ ತಿಳಿಯಲಿಲ್ಲ. ಎರಡೂ ಕಡೆಯವರಿಗೆ ಒಂದೇ ಪಾತ್ರೆಯಿಂದ ಸೂಪು ಬಡಿಸಿದಳು. ಹೊರಡುವಾಗ ಕಾಲಿನಾ ಅವಳ ಕೈಯನ್ನೊಮ್ಮೆ ಒತ್ತಿ ಹಿಡಿದು ಲಾರಿ ಹತ್ತಿದಳು.

ಹೂಳು ತೆಗೆದ ಕಾಲುವೆಯಲ್ಲಿ ನೀರು ಹಿಂದೆಂದೂ ಇಲ್ಲದ ವೇಗದಲ್ಲಿ ಹರಿದು ಬಂದು ಹಲಗೆಗಳಿಗೆ ಬಡಿದು ನಿಂತಿತು. ಹಿಂದಕ್ಕೆ ತಿರುಗಿ, ವಾರ ಕಳೆಯುವಷ್ಟರಲ್ಲಿ ಹುಲ್ಲುಗಾವಲಿಗೆ ಹತ್ತಿತು. ಕೊಕ್ಕರೆಗಳು ಹಿಂಡಾಗಿ ಬಂದಿಳಿದವು. ಲುಡ್ವಿಕ್‌ನ ಹಸುಗಳು ಬೇಲಿಯ ಬಳಿ ಗೊರಸು ಮುಳುಗಿಸಿಕೊಂಡು ಕೂಗತೊಡಗಿದವು. ಭಾನುವಾರ ಚರ್ಚಿನಲ್ಲಿ ಊರಿನ ಅರ್ಧ ಜನ ಗೆನೊವೇಫಾಳ ಕಡೆ ನೋಡಿ ನಕ್ಕರು. ಇನ್ನರ್ಧ ಜನ ನೋಡಲೇ ಇಲ್ಲ.

ಮರುದಿನ ಬೆಳಿಗ್ಗೆ ಲುಡ್ವಿಕ್ ಹಾರೆ ಹಿಡಿದು ಸೇತುವೆಯ ಕೆಳಗಿಳಿದ. ಸುದ್ದಿ ತಿಳಿದು ಅವಳೂ ಬಂದಳು.

"ಹಲಗೆ ಕೀಳ್ತೀನಕ್ಕ. ಬೇಡ ಅನ್ನೋದಾದ್ರೆ ಈಗ್ಲೇ ಅಂದ್ಬಿಡು."

"ಕಿತ್ರೆ ಬೇಸಿಗೇಲಿ ಮತ್ತೆ ಹೊತ್ಕೊಳ್ಳುತ್ತಲ್ಲೋ."

"ಕೀಳ್ದಿದ್ರೆ ಹಸು ಎಲ್ಲಿ ಕಟ್ಲಿ? ನಿನ್ನ ಅಡುಗೆಮನೇಲಾ?"

ಅವಳಿಗೆ ಸಿಟ್ಟು ಬರಲಿಲ್ಲ. ಬೂಟು ಬಿಚ್ಚಿ ದಡದ ಮೇಲಿಟ್ಟು, ಲಂಗ ಎತ್ತಿಕಟ್ಟಿ ತಾನೂ ನೀರಿಗಿಳಿದಳು. ಮೇ ತಿಂಗಳಾದರೂ ನೀರು ಮಂಜಿನಂತೆ ಕೊರೆಯುತ್ತಿತ್ತು. ಹಲಗೆಗಳು ಒಂದರ ಮೇಲೊಂದು ಬಿಗಿಯಾಗಿ ಕುಳಿತಿದ್ದವು.

"ಎಲ್ಲಾ ಕೀಳ್ಬೇಡ. ಮೇಲಿಂದ ಒಂದಿಷ್ಟು ತೆಗಿ. ನಿನ್ನ ಹುಲ್ಲುಗಾವಲೂ ಉಳೀಲಿ, ಆಚೆ ನೆಲಾನೂ ಒದ್ದೆ ಇರ್ಲಿ."

"ಒಂದಿಷ್ಟು ಅಂದ್ರೆ ಎಷ್ಟು?" ಲುಡ್ವಿಕ್ ಹಾರೆಯ ಮೊನೆಯನ್ನು ಹಲಗೆಗಳ ನಡುವಿನ ಸಂದಿಗೆ ಒತ್ತಿ ಹಿಡಿದ. "ಎಲ್ಲೀವರೆಗೆ ಅಂತ ಕೈ ಇಟ್ಟು ತೋರ್ಸು, ಅಷ್ಟೇ ತೆಗೀತೀನಿ."

ಗೆನೊವೇಫಾ ಹಲಗೆಯ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಕೆಳಗೆ ಸರಿಸಿದಳು. ವಾಲೆಂತಿಯ ಕೆಮ್ಮು ಕೇಳಿಸಿದಂತಾಗಿ ಮತ್ತೆ ಮೇಲಕ್ಕೆತ್ತಿದಳು. ಬೇಲಿಯ ಬಳಿ ಹಸು ಕೂಗಿತು. ಕೈ ಇನ್ನೊಮ್ಮೆ ಕೆಳಗಿಳಿಯಿತು. ಲುಡ್ವಿಕ್ ಅದನ್ನೇ ನೋಡುತ್ತ ನಿಂತಿದ್ದ. ಕೈ ಎಲ್ಲಿಯೂ ನಿಲ್ಲುತ್ತಿರಲಿಲ್ಲ.