ಕರಿ ಬಣ್ಣದ ಕೆಳಗಿನ ಕಲ್ಲು

ಲಕ್ಷ್ಮಿಕಾಂತನ ಉಗುರಿಗೆ ಅದು ತಣ್ಣಗೆ ತಾಗಿತು. ಮ್ಯಾಂಡೊಲಿನ್ನಿನ ತಲೆಯ ಬುಡದಲ್ಲಿ ಎಂಟು ತಂತಿಗಳು ಆನಿಕೊಳ್ಳುವ ಆ ಪುಟ್ಟ ಪಟ್ಟಿ ಸಾಮಾನ್ಯವಾಗಿ ಎಲುಬಿನದಿರುತ್ತದೆ. ಇದು ಎಲುಬಲ್ಲ. ಮೇಲೆ ಯಾರೋ ಕರಿ ಬಣ್ಣ ಬಳಿದಿದ್ದರು.

ಶಹಾಬಾದಿನ ಅವನ ವಾದ್ಯ ರಿಪೇರಿ ಅಂಗಡಿಗೆ ಆ ಮ್ಯಾಂಡೊಲಿನ್ನನ್ನು ತಂದವಳು ಗೆಳೆಯ ನರಸಪ್ಪನ ಮಗಳು ಜಯಮಾಲಾ. “ಅಪ್ಪ ಹೈದರಾಬಾದಿನಾಗ ತಗೊಂಡಿದ್ದಂತ್ರಿ ಕಾಕಾ. ಎಷ್ಟು ವರ್ಷದ್ದು ನೋಡಿ ಹೇಳ್ರಿ. ನಿಮಗ ತೋರಸಬ್ಯಾಡ, ಕಲಬುರಗಿಗಿ ಒಯ್ಯಿ ಅಂದಿದ್ರು. ನಿಮಗಿಂತ ತಿಳದೋರು ಅಲ್ಲಿ ಯಾರದಾರ ಅಂತ ನಾನೇ ಇಲ್ಲಿಗಿ ತಂದೀನಿ.”

ಅವನು ಬ್ಲೇಡಿನಿಂದ ಬಣ್ಣ ಕೆರೆದ. ಬೂದುನೀಲಿ ಕಲ್ಲು ಇಣುಕಿತು. ಒಡೆದ ಎಲುಬಿನ ಬದಲಿಗೆ ಅಂಗಳಕ್ಕೆ ಹಾಸಿದ ಫರ್ಸಿ ಕಲ್ಲಿನ ಚೂರನ್ನು ತಿಕ್ಕಿ ಕೂರಿಸಿದ ಹುಚ್ಚ ಈ ಲೋಕದಲ್ಲಿ ತಾನೊಬ್ಬನೇ. ಹತ್ತೊಂಬತ್ತರ ಹರೆಯದ ಕೈ, ಮೂರನೆಯ ತಂತಿಯ ಕಚ್ಚು ಸೊಟ್ಟಗಾಗಿತ್ತು. ಈಗಲೂ ಸೊಟ್ಟಗೇ ಇತ್ತು. ಆ ವರ್ಷವೇ ವಾಡಿ ಸ್ಟೇಷನ್ನಿನಲ್ಲಿ ತಾನು ನೀರು ತರಲು ಹೋದಾಗ ಈ ವಾದ್ಯವನ್ನು ಕಾಯುತ್ತ ಕುಳಿತವನು ನರಸಪ್ಪ. ತೂಕಡಿಸಿಬಿಟ್ಟೆ, ಯಾರೋ ಒಯ್ದರು ಎಂದು ಅತ್ತಿದ್ದ. ಅವನ ಕಣ್ಣೊರೆಸಿದ್ದು ಲಕ್ಷ್ಮಿಕಾಂತನೇ. ಆಮೇಲೆ ತನ್ನದೆಂದು ಇನ್ನೊಂದನ್ನು ಕೊಳ್ಳಲು ಮನಸ್ಸಾಗದೆ, ಮಂದಿಯದನ್ನೇ ರಿಪೇರಿ ಮಾಡುತ್ತ ಮೂವತ್ತಾರು ವರ್ಷ ಕಳೆದಿದ್ದ.

“ಭಾಳ ಹಳೇದೇನ್ರಿ ಕಾಕಾ?”

ಲಕ್ಷ್ಮಿಕಾಂತ ಅದನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಅವಳ ಮಡಿಲಲ್ಲಿ ಇಟ್ಟ. “ತಾರೀಖು ನಿಮ್ಮಪ್ಪಗ ಕೇಳವ್ವ. ಅವತ್ತು ವಾಡಿ ಸ್ಟೇಷನ್‌ದಾಗ ನನ್ನ ಜೋಡಿ ಅಂವನೂ ಇದನ್ನ ಹುಡುಕಿದ್ದ.”