ನಾಗರಕಲ್ಲಿಗೆ ಎರೆದ ಹಾಲು

ಅಕ್ಕ ತೀರಿಕೊಂಡ ವರ್ಷವೇ ಅವಳನ್ನು ಭಾವನಿಗೆ ಮದುವೆ ಮಾಡಿಕೊಟ್ಟಿದ್ದರು. ಅಕ್ಕನ ಇಬ್ಬರು ಮಕ್ಕಳನ್ನು ಸಾಕುತ್ತ ಏಳು ವರ್ಷ ಕಳೆದರೂ ಅವಳ ಮಡಿಲು ತುಂಬಲಿಲ್ಲ. ಪ್ರತಿ ನಾಗರಪಂಚಮಿಗೂ ಅಪ್ಪ ತಾವೇ ಬಂದು, ಮಗಳ ಕೈಯಲ್ಲಿ ನಾಗರಕಲ್ಲಿಗೆ ಹಾಲೆರೆಸಿ, ಸಂತಾನ ಬೇಡಿಸಿ ಹೋಗುತ್ತಿದ್ದರು.

ಈ ಸಲ ಅವಳು ಹಟ ಹಿಡಿದು ಗಂಡನನ್ನೂ ಪರೀಕ್ಷೆಗೆ ಕರೆತಂದಳು.

"ಇವರ ವೀರ್ಯದಲ್ಲಿ ವೀರ್ಯಾಣು ಒಂದೂ ಇಲ್ಲ," ಎಂದರು ಡಾಕ್ಟರಮ್ಮ. "ಗಾಬರಿ ಬೇಡ. ಬೀಜಕ್ಕೆ ಸೂಜಿ ಹಾಕಿ ವೀರ್ಯಾಣು ತೆಗೀಬಹುದು. ಆಪರೇಷನ್ ಮಾಡಿಸ್ಕೊಂಡೋರಿಗೂ ಹೀಗೆ ಮಕ್ಕಳಾಗಿದಾವೆ."

"ಯಾವ ಆಪರೇಷನ್?"

"ಮಕ್ಕಳು ಬೇಡ ಅಂತ ಗಂಡಸರು ಮಾಡಿಸ್ಕೊಳ್ಳೋದು. ಇವರಿಗೆ ಆಗಿದೆಯಲ್ಲ, ನಿಮಗೆ ಗೊತ್ತಿಲ್ವಾ?"

ಅವಳು ಗಂಡನ ಕಡೆ ತಿರುಗಿದಳು. "ಅಕ್ಕ ಇದ್ದಾಗ್ಲೇ ಮಾಡಿಸಿದ್ರಾ ಭಾವ?"

"ಇಲ್ಲ. ನಮ್ಮ ಮದುವೆಗೆ ಹದಿನೈದು ದಿನ ಮುಂಚೆ."

"ನಮ್ಮಪ್ಪಂಗೆ ಗೊತ್ತಾದ್ರೆ ನಿಮ್ಮನ್ನ ಸುಮ್ನೆ ಬಿಡ್ತಾರಾ?"

ಅವನು ತಲೆ ತಗ್ಗಿಸಿದ. "ನಿನಗೆ ಮಕ್ಕಳಾದ್ರೆ ಅಕ್ಕನ ಮಕ್ಕಳು ಪರದೇಶಿ ಆಗ್ತಾವೆ ಅಂತ ನನ್ನ ಕೈ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೇ ನಿಮ್ಮಪ್ಪ."